ಮೂರುಪ್ರತಿಯವರ ಮೇಲ್ಮನವಿ

ಸೈನ್ಯದ ವಾಹನ ದುರಸ್ತಿ ದಳವೊಂದರಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತರಾಗಿದ್ದ ಅವರಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಕೆಲಸಕ್ಕೆ ಸೇರಿದ ಆರು ತಿಂಗಳಿಗೆಲ್ಲ ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು. ರಜೆ ಬೇಕೆಂದು ಬಂದವನಿಗೂ, ಬೂಟು ಹರಿಯಿತೆಂದು ಬಂದವನಿಗೂ, ಊರಿನಲ್ಲಿ ಹೆಂಡತಿ ಹೆತ್ತಳೆಂದು ಸಂತೋಷದಿಂದ ಓಡಿಬಂದವನಿಗೂ ಅವರು ತಲೆಯೆತ್ತದೆ ಹೇಳುತ್ತಿದ್ದುದು ಒಂದೇ ಮಾತು: "ಮೂರು ಪ್ರತಿ ಬರೆದು ತಾ." ಹೀಗೆ ದಳಕ್ಕೆಲ್ಲ ಅವರು ಮೂರುಪ್ರತಿ ಆದರು. ಮೇಲಧಿಕಾರಿಗಳೂ ಒಮ್ಮೊಮ್ಮೆ ಬಾಯಿತಪ್ಪಿ ಹಾಗೆಯೇ ಕರೆಯುತ್ತಿದ್ದರು. ಅವರಿಗೆ ಅದರಿಂದ ಬೇಸರವೇನೂ ಇರಲಿಲ್ಲ. ದಳದ ಕಚೇರಿಯಿಂದ ಹೊರಟ ಒಂದು ಕಾಗದವೂ ತಪ್ಪೆಂದು ಹಿಂದಿರುಗಿ ಬಂದಿಲ್ಲವೆಂಬ ಮಾತನ್ನು ಬೀಳ್ಕೊಡುಗೆಯ ದಿನ ದಳಪತಿಗಳು ಎಲ್ಲರೆದುರು ಆಡಿದ್ದರು. ಅದನ್ನು ನೆನೆದಾಗಲೆಲ್ಲ ಮೂರುಪ್ರತಿಯವರ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಸೈನ್ಯ ಬಿಟ್ಟು ಹತ್ತೊಂಬತ್ತು ವರ್ಷಗಳಾದ ಮೇಲೆ, ಅರವತ್ತೊಂದನೆಯ ವಯಸ್ಸಿನಲ್ಲಿ, ಅವರು ಹಗಲು ಹೊತ್ತು ಕುಳಿತಲ್ಲಿಯೇ ತೂಕಡಿಸತೊಡಗಿದರು. ಪತ್ರಿಕೆ ಓದುತ್ತ ತೂಕಡಿಸಿದರು, ಕ್ಷೌರದಂಗಡಿಯಲ್ಲಿ ಕತ್ತರಿಯ ಕೆಳಗೆ ತೂಕಡಿಸಿದರು. ಒಂದು ದಿನ ಅಂಚೆಕಚೇರಿಯ ಸಾಲಿನಲ್ಲಿ ನಿಂತೇ ನಿದ್ದೆಹೋಗಿ ಮುಂದಿದ್ದವನ ಬೆನ್ನಿಗೆ ಒರಗಿದಾಗ ಹೆಂಡತಿ ಅವರನ್ನು ಮಾಜಿ ಸೈನಿಕರ ಆಸ್ಪತ್ರೆಗೆ ಎಳೆದೊಯ್ದರು. ಅಲ್ಲಿ ಎದೆಗೆ, ಹಣೆಗೆ, ಬೆರಳಿಗೆ ತಂತಿ ಅಂಟಿಸಿ ನಿದ್ದೆಯನ್ನು ಅಳೆದರು. ನಿದ್ದೆಯಲ್ಲಿ ಗಂಟೆಗೆ ನಲವತ್ತೊಂದು ಸಲ ಇವರ ಉಸಿರು ನಿಂತುಹೋಗುತ್ತಿದೆ ಎಂದರು. ಸ್ಲೀಪ್ ಅಪ್ನಿಯಾ ಎಂದು ಅದಕ್ಕೆ ಹೆಸರು. ಮೂಗಿಗೆ ಮುಖವಾಡ ಹಾಕಿ, ಕೊಳವೆಯಲ್ಲಿ ಗಾಳಿ ಒತ್ತುವ ಒಂದು ಪುಟ್ಟ ಯಂತ್ರವನ್ನು ಕೊಟ್ಟರು. ಆದರೆ ಕೊಟ್ಟದ್ದು ಎರವಲಿಗೆ. ಈ ರೋಗ ಸೇವೆಯಲ್ಲಿದ್ದಾಗಲೇ ಶುರುವಾದದ್ದೆಂದು ಮಾಜಿ ಸೈನಿಕರ ಕಚೇರಿಯವರು ಒಪ್ಪಿದರೆ ಯಂತ್ರ ಇವರದು. ಒಪ್ಪದಿದ್ದರೆ ವಾಪಸು ಕೊಡಬೇಕು. ಅದಕ್ಕಾಗಿ ಕಾಯುವವರ ಪಟ್ಟಿ ಆಸ್ಪತ್ರೆಯ ಗೋಡೆಯ ಮೇಲೆ ಮಾರುದ್ದ ತೂಗುತ್ತಿತ್ತು.

ಅರ್ಜಿ ಹಾಕಿದ ಐದನೆಯ ತಿಂಗಳಿಗೆ ಉತ್ತರ ಬಂತು. ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆಯ ಮೇಜಿನ ಮೇಲೆ ಯಾರದೋ ಕೋಟಿನ ತೋಳನ್ನು ಬಿಚ್ಚುತ್ತ ಕುಳಿತಿದ್ದರು. ಮೂವತ್ತು ವರ್ಷದಿಂದ ಆ ಬೀದಿಯ ಬಟ್ಟೆಗಳನ್ನೆಲ್ಲ ಹೊಲಿದ ಕೈ ಅದು.

"ಓದಿ ಹೇಳ್ರೀ," ಎಂದರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ಅವರು ಓದಿದರು. ರೋಗವು ಸೇವಾವಧಿಯಲ್ಲಿ ಆರಂಭವಾಯಿತೆನ್ನಲು ಯಾವ ದಾಖಲೆಯೂ ಇಲ್ಲ. ಅಲ್ಲದೆ, ಸೇವೆಯ ಹತ್ತೊಂಬತ್ತನೆಯ ವರ್ಷದ ವೈದ್ಯಕೀಯ ತಪಾಸಣಾ ನಮೂನೆಯಲ್ಲಿ 'ನಿದ್ರೆ: ಚೆನ್ನಾಗಿದೆ. ದೂರುಗಳೇನೂ ಇಲ್ಲ' ಎಂದು ಸ್ಪಷ್ಟವಾಗಿ ನಮೂದಾಗಿದೆ. ಆದಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಅರವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಸಲ್ಲಿಸದಿದ್ದಲ್ಲಿ ಯಂತ್ರವನ್ನು ಹಿಂದಿರುಗಿಸತಕ್ಕದ್ದು.

"ನಿದ್ರೆ ಚೆನ್ನಾಗಿದೆಯಂತೆ!" ಹೆಂಡತಿ ಸೂಜಿಗಳನ್ನು ಅಂಗೈಗೆ ಉಗಿದರು. "ಹಾಗಂತ ಬರೆದ ಪುಣ್ಯಾತ್ಮ ಯಾರು? ಒಂದು ದಿನ ನಿಮ್ಮ ಪಕ್ಕ ಮಲಗಿ ನೋಡಿದ್ನಾ ಅವನು?"

"ಯಾರೋ ಗುಮಾಸ್ತ," ಎಂದರು ಮೂರುಪ್ರತಿಯವರು, ಕಾಗದವನ್ನು ಮಡಿಸುತ್ತ.

"ನಿಮ್ಮ ದಳದಲ್ಲಿ ಗುಮಾಸ್ತರು ಅಂತ ಇದ್ದದ್ದು ನೀವೊಬ್ರೇ ಅಲ್ವಾ?"

ಅವರಿಗೆ ತಟ್ಟನೆ ಬೀದಿಯ ಕೊನೆಯ ಅಂಗಡಿಯಲ್ಲಿ ಏನೋ ಕೆಲಸ ನೆನಪಾಯಿತು.

ನಡೆದದ್ದು ಇಷ್ಟೇ. ವರ್ಷಕ್ಕೊಮ್ಮೆ ದಳದ ನೂರ ಹದಿನೆಂಟು ಮಂದಿಗೂ ವೈದ್ಯಕೀಯ ತಪಾಸಣೆ ಆಗಬೇಕು. ಬರುವವರು ಒಬ್ಬರೇ ಡಾಕ್ಟರು, ಅವರಿಗಿದ್ದದ್ದು ಒಂದೇ ದಿನ. ಪ್ರತಿ ನಮೂನೆಯೂ ನಾಲ್ಕು ಪುಟ. ಡಾಕ್ಟರು ಕೇಳಿ, ಇವರು ಬರೆದು, ಅವರು ರುಜು ಹಾಕುತ್ತ ಕುಳಿತರೆ ಎಂಟು ದಿನವಾದರೂ ಮುಗಿಯದು. ಆದುದರಿಂದ ಮೂರುಪ್ರತಿಯವರು ಒಂದು ಹಾದಿ ಕಂಡುಕೊಂಡಿದ್ದರು. ತಪಾಸಣೆಗೆ ಒಂದು ವಾರ ಮೊದಲೇ ಬೆರಳಚ್ಚು ಯಂತ್ರಕ್ಕೆ ಕಾರ್ಬನ್ ಹಾಳೆ ಏರಿಸಿ ಹಸಿವು, ನಿದ್ರೆ, ಕಿವಿ, ಕೀಲು ಎಲ್ಲವೂ ಚೆನ್ನಾಗಿವೆಯೆಂದು ಒಂದೇ ಬಡಿತಕ್ಕೆ ಮೂರು ಮೂರು ಜನರ ಆರೋಗ್ಯವನ್ನು ಹೊಡೆದಿಡುತ್ತಿದ್ದರು. ಡಾಕ್ಟರು ಬಂದು ಎಲ್ಲರ ಎದೆಗೂ ನಳಿಗೆ ಇಟ್ಟು, ನಾಲಿಗೆ ನೋಡಿ, ರಾಶಿಯ ಮೇಲೆ ರುಜು ಹಾಕಿ ಸಂಜೆಯ ಗಾಡಿಗೆ ಹೊರಟುಬಿಡುತ್ತಿದ್ದರು. ಯಾರಾದರೂ ಕುಂಟುತ್ತ ಬಂದರೆ ಮಾತ್ರ ಆ ನಮೂನೆಯನ್ನು ಹರಿದು ಹೊಸದು ಬರೆಯಬೇಕು. ಹಾಗಾಗಿ ಕುಂಟುವವರೂ ಆ ದಿನ ನೆಟ್ಟಗೆ ನಡೆಯುತ್ತಿದ್ದರು. ಎಲ್ಲರಿಗೂ ಸುಖ. ತಮ್ಮ ನಮೂನೆಯನ್ನೂ ಅವರು ಅದೇ ಕಾರ್ಬನ್ನಿನಡಿ ಹಾಕಿ ಹೊಡೆದಿದ್ದರು.

ಈಗ ಅದೇ ವಾಕ್ಯ ಅಂಚೆಯಲ್ಲಿ ಮನೆಬಾಗಿಲಿಗೆ ಬಂದು ನಿಂತಿತ್ತು. ಪತ್ರದ ಜೊತೆಗಿಟ್ಟಿದ್ದ ನಕಲಿನಲ್ಲಿ ತಮ್ಮದೇ ಬೆರಳಚ್ಚು, ಒಂದು ಕಾಗುಣಿತವೂ ತಪ್ಪಿಲ್ಲ.

ಮೇಲ್ಮನವಿ ಹಾಕುವುದೆಂದು ತೀರ್ಮಾನವಾಯಿತು. ಆದರೆ ನಮೂನೆ ಬರೆದದ್ದು ಯಾರೆಂಬ ವಿಷಯವನ್ನು ಎತ್ತದೆಯೇ ಗೆಲ್ಲಬೇಕೆಂದು ಅವರು ಮನಸ್ಸಿನಲ್ಲಿಯೇ ಹಟ ಹಿಡಿದರು. ಅದಕ್ಕೆ ಒಬ್ಬ ಸಾಕ್ಷಿ ಬೇಕಿತ್ತು. ದಳದಲ್ಲಿ ಹನ್ನೊಂದು ವರ್ಷ ಇವರ ಪಕ್ಕದ ಮಂಚದಲ್ಲಿ ಮಲಗಿದವನು ಅಡುಗೆಯವನು. ಕಚೇರಿಯವರಿಗೂ ಅಡುಗೆಯವರಿಗೂ ಒಂದೇ ತಗಡಿನ ಮನೆ ಕೊಟ್ಟಿದ್ದರು. ಆತ ಈಗ ಎರಡು ಗಂಟೆಯ ದಾರಿಯ ಇನ್ನೊಂದು ಊರಿನ ಬಸ್ ಡಿಪೋದಲ್ಲಿ ಕ್ಯಾಂಟೀನು ನಡೆಸುತ್ತಿದ್ದ.

"ಬಂದ ನೋಡಪ್ಪ ಮೂರುಪ್ರತಿ!" ದೊಡ್ಡ ಕೆಟಲಿನ ಹಿಂದಿನಿಂದ ಅಡುಗೆಯವನು ಕೂಗಿದ. ಚಹಾ ಕುಡಿಯುತ್ತಿದ್ದ ಚಾಲಕರೆಲ್ಲ ತಿರುಗಿ ನೋಡಿದರು. "ಇನ್ನೂ ಬದುಕಿದ್ದೀಯೇನೋ ಮಾರಾಯ?"

"ಅದನ್ನೇ ಬರೆದುಕೊಡು ಅಂತ ಕೇಳೋಕೆ ಬಂದೆ," ಎಂದು ಇವರು ನಡೆದದ್ದನ್ನೆಲ್ಲ ಹೇಳಿದರು. ನಮೂನೆಯ ಸಂಗತಿಯೊಂದನ್ನು ಮಾತ್ರ ನುಂಗಿಕೊಂಡರು. "ನಾನು ಗೊರಕೆ ಹೊಡೀತಿದ್ದೆ, ನಿನಗೆ ನಿದ್ದೆ ಬರ್ತಿರಲಿಲ್ಲ ಅಂತ ನಾಲ್ಕು ಸಾಲು ಬರೆದರೆ ಸಾಕು."

ಅಡುಗೆಯವನು ಸ್ಟೂಲು ಎಳೆದುಕೊಂಡು ಕುಳಿತ. "ಹಾಗಂತ ಬರೆದ್ರೆ ಸುಳ್ಳಾಗುತ್ತೆ. ನಿನ್ನ ಗೊರಕೆಗೆ ನಾನು ಎದ್ದೋನೇ ಅಲ್ಲ. ಲಾರಿ ಇಂಜಿನ್ನುಗಳ ಮಧ್ಯೆ ಮಲಗಿದೋರು ನಾವು, ನಮಗೆ ಗೊರಕೆ ಯಾವ ಲೆಕ್ಕ? ಅದು ನಿಂತಾಗ ನನಗೆ ಎಚ್ಚರ ಆಗ್ತಿತ್ತು."

"ನಿಂತಾಗ?"

"ಹೂಂ. ಗರ್ ಅಂತ ಹೋಗ್ತಾ ಹೋಗ್ತಾ ಒಂದೇ ಸಲ ಬಂದ್. ನಾನು ಕಣ್ಣು ಬಿಟ್ಟುಕೊಂಡು ಕಾಯೋದು, ಇವನು ಇದ್ದಾನೋ ಹೋದ್ನೋ ಅಂತ. ಆಮೇಲೆ ಹಿಟ್ಟಿನ ಚೀಲದ ಬಾಯಿ ಕಟ್ಟೋ ದಾರ ಇರುತ್ತಲ್ಲ, ಅದರ ಒಂದು ತುದಿ ನಿನ್ನ ಕಾಲ್ಬೆರಳಿಗೆ ಕಟ್ಟಿ ಇನ್ನೊಂದು ತುದಿ ಕೈಯಲ್ಲಿ ಹಿಡ್ಕೊಂಡು ಮಲಗ್ತಿದ್ದೆ. ಸದ್ದು ನಿಲ್ಲೋದು, ಒಂದು ಎಳೆತ ಎಳೆಯೋದು. ಒಲೆ ಹಚ್ಚೋಕೆ ಎದ್ದು ಹೋಗೋವಾಗ ಬಿಚ್ಚಿಕೊಂಡು ಹೋಗ್ತಿದ್ದೆ."

ಮೂರುಪ್ರತಿಯವರು ಬಗ್ಗಿ ತಮ್ಮ ಕಾಲ್ಬೆರಳನ್ನು ನೋಡಿಕೊಂಡರು. "ನನ್ನ ಕಾಲಿಗೆ ದಾರ ಕಟ್ಟಿದ್ಯಾ? ಎಷ್ಟು ವರ್ಷ?"

"ಏಳೆಂಟು ವರ್ಷ ಆಗಿರಬೇಕು."

"ಒಂದು ದಿನ ಬಾಯಿಬಿಟ್ಟು ಹೇಳೋಕೆ ಏನಾಗಿತ್ತೋ ನಿನಗೆ?"

"ಹೇಳಿದ್ರೆ ಮೂರು ಪ್ರತೀಲಿ ಬರೆದು ತಾ ಅಂತಿದ್ದೆ," ಎಂದ ಅಡುಗೆಯವನು.

ಚಾಲಕರ ನಗುವಿಗೆ ತಗಡಿನ ಮಾಡು ಅದುರಿತು. ಇವರಿಗೆ ನಗು ಬರಲಿಲ್ಲ. ಆದರೂ ಹೇಳಿಕೆ ಬರೆಸಿಕೊಂಡು ಬಂದರು.

ಅಲ್ಲಿಂದ ಮುಂದೆ ಶುರುವಾಯಿತು ಮೂರನೆಯ ಕಿಟಕಿಯ ಕಾಟ. ಕಚೇರಿಯ ಒಳಗೆ ಸಾಲಾಗಿ ಏಳು ಕಿಟಕಿಗಳು. ಮೇಲ್ಮನವಿಗೆ ಮೂರನೆಯದು. ಅದರ ಹಿಂದೆ ದಪ್ಪ ಕನ್ನಡಕದ, ಸಣ್ಣ ದನಿಯ ಒಬ್ಬ ಹೆಣ್ಣುಮಗಳು. ಮೊದಲ ಸಲ ಹೋದಾಗ ಆಕೆ ಅಡುಗೆಯವನ ಹೇಳಿಕೆಯನ್ನು ತಿರುಗಿಸಿ ನೋಡಿ, "ಸಾರ್, ಸಾಕ್ಷಿದಾರರ ವಿಳಾಸ ಹಿಂಬದೀಲಿ ಇರಬೇಕಿತ್ತು," ಎಂದು ಹಿಂದಕ್ಕೆ ನೂಕಿದಳು. ಮತ್ತೆ ಎರಡು ಗಂಟೆ ಬಸ್ಸು, ಮತ್ತೆ ಚಾಲಕರ ನಗು. ಎರಡನೆಯ ಸಲ, "ಇದು ಹಳೇ ಅರ್ಜಿ ಸಾರ್, ಹೋದ ವಾರ ಹೊಸದು ಬಂದಿದೆ," ಎಂದಳು. ಹೊಸದರಲ್ಲಿ ಏನು ಬದಲಾಗಿದೆಯೆಂದು ಕೇಳಿದರೆ, "ಅಂಚು ಸಾರ್. ಎಡಗಡೆ ಅಂಚು ಅರ್ಧ ಇಂಚು ಜಾಸ್ತಿ ಮಾಡಿದ್ದಾರೆ." ಮೂರನೆಯ ಸಲ ಆಸ್ಪತ್ರೆಯ ಮೊಹರು ಅರ್ಧಚಂದ್ರದಷ್ಟೇ ಮೂಡಿತ್ತು. ಪೂರ್ಣಚಂದ್ರ ಬೇಕಂತೆ.

"ಅಲ್ಲಮ್ಮ ತಾಯಿ, ಇದನ್ನೆಲ್ಲ ಒಂದೇ ಸಲ ಹೇಳೋಕಾಗಲ್ವಾ? ಒಂದೊಂದು ಸಲಕ್ಕೆ ಒಂದೊಂದು ತೆಗೀತೀಯಲ್ಲ!"

"ಮೊದಲನೇ ತಪ್ಪು ಸಿಕ್ಕಿದ ಕೂಡ್ಲೆ ವಾಪಸ್ ಕೊಡಬೇಕು ಅಂತ ನಿಯಮ ಇದೆ ಸಾರ್. ಪೂರ್ತಿ ನೋಡೋ ಹಾಗಿಲ್ಲ."

ಅವರಿಗೆ ಕೋಪ ನೆತ್ತಿಗೇರಿತು. ಕಿಟಕಿಯ ಕಟ್ಟೆಯನ್ನು ಗುದ್ದಬೇಕೆಂದು ಕೈಯೆತ್ತಿದರು. ಎತ್ತಿದ ಕೈ ಅಲ್ಲಿಯೇ ನಿಂತಿತು. ಆ ನಿಯಮವನ್ನು ತಾವೂ ಇಪ್ಪತ್ತೆರಡು ವರ್ಷ ಚಾಚೂ ತಪ್ಪದೆ ಪಾಲಿಸಿದ್ದರು. ಅಷ್ಟೇ ಅಲ್ಲ, ಹಾಗೆ ಪಾಲಿಸಿದ ದಿನಗಳಲ್ಲಿ ಅವರ ಊಟ ಹೆಚ್ಚು ರುಚಿಸುತ್ತಿತ್ತು. ಎತ್ತಿದ ಕೈಯಿಂದ ತಲೆ ಕೆರೆದುಕೊಂಡು ಹೊರಬಂದರು.

ಮನೆಯಲ್ಲಿ ಹೆಂಡತಿಯ ತಾಳ್ಮೆಯೂ ತೆಳ್ಳಗಾಗುತ್ತಿತ್ತು. "ಅರವತ್ತು ದಿನದಲ್ಲಿ ನಲವತ್ತನಾಲ್ಕು ಹೋಯ್ತು. ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡಿದ್ದೇ ಬಂತು. ಕಾಗದದ ಕೆಲಸ ನನಗೆ ನೀರು ಕುಡಿದ ಹಾಗೆ ಅಂತಿದ್ರಿ, ಈಗ ನೀರು ಗಂಟಲಲ್ಲಿ ಸಿಕ್ಕಿಕೊಳ್ತಾ?"

ಮಾರನೆಯ ಬೆಳಿಗ್ಗೆ ಆಕೆಗೆ ಒಂದು ಉದ್ದನೆಯ ಪರದೆಯ ಬಟ್ಟೆ ಕತ್ತರಿಸಬೇಕಿತ್ತು. ಮೇಜಿನ ತುಂಬ ಗಂಡನ ಕಾಗದಗಳು ಹರಡಿದ್ದವು. ಗೊಣಗುತ್ತ ಅವನ್ನು ಒಂದೊಂದಾಗಿ ಎತ್ತಿಡುವಾಗ, ತಿರಸ್ಕಾರ ಪತ್ರದ ಜೊತೆ ಬಂದಿದ್ದ ನಮೂನೆಯ ನಕಲು ಕೈಗೆ ಬಂತು. ಅದನ್ನು ಆಕೆ ಅದುವರೆಗೆ ಓದಿರಲಿಲ್ಲ. ಮೇಲಿನ ಸಾಲನ್ನು ಓದಿದವರು ಅಳತೆಯ ಟೇಪನ್ನು ಕೊರಳಿನಿಂದ ತೆಗೆದು ಕೆಳಗಿಟ್ಟರು.

"ರೀ. ಇಲ್ಲಿ ಬನ್ನಿ."

ಅವರು ಅರ್ಧ ಕ್ಷೌರದ ಮುಖದಲ್ಲಿ ಬಂದರು.

"ಇದರಲ್ಲಿ ತಪಾಸಣೆ ಆದ ದಿನ ಯಾವುದು ಅಂತ ಇದೆ?"

"ಮಾರ್ಚ್ ಹದಿನಾಲ್ಕು."

"ಯಾವ ವರ್ಷ?"

ಅವರು ವರ್ಷ ಹೇಳಿದರು.

"ಆವತ್ತು ನೀವೆಲ್ಲಿದ್ರಿ?"

"ಎಲ್ಲಿರ್ತೀನಿ, ದಳದಲ್ಲಿ. ತಪಾಸಣೆ ದಿನ ಕಚೇರಿ ಬಿಟ್ಟು ಕದಲೋ ಹಾಗೇ ಇರಲಿಲ್ಲ."

"ಆವತ್ತು ನೀವು ನಮ್ಮಪ್ಪನ ಹೆಣಕ್ಕೆ ಹೆಗಲು ಕೊಟ್ಟಿದ್ರಿ," ಎಂದರು ಹೆಂಡತಿ. "ಹನ್ನೊಂದನೇ ತಾರೀಕು ತಂತಿ ಬಂತು, ಅಪ್ಪನಿಗೆ ಹುಷಾರಿಲ್ಲ ಅಂತ. ಹನ್ನೆರಡಕ್ಕೆ ನೀವು ಬಂದ್ರಿ. ಹದಿನಾಲ್ಕಕ್ಕೆ ಅಪ್ಪ ಹೋದ್ರು. ನನ್ನ ತಮ್ಮ ಚಿಕ್ಕವನು ಅಂತ ಮುಂದಿನ ಹೆಗಲು ನೀವೇ ಕೊಟ್ರಿ. ನಾನು ಮರೆತಿರ್ತೀನಾ ಆ ದಿನಾನ?"

ಮೂರುಪ್ರತಿಯವರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. ಸಾಬೂನಿನ ನೊರೆ ತೊಟ್ಟಿಕ್ಕಿ ಅದರ ಮೂಲೆ ಒದ್ದೆಯಾಯಿತು. ನಿಜ. ಒಂದು ವಾರ ಮೊದಲೇ ತಾರೀಕು ಸಮೇತ ಎಲ್ಲವನ್ನೂ ಹೊಡೆದಿಟ್ಟಿದ್ದರು. ಅಷ್ಟರಲ್ಲಿ ತಂತಿ ಬಂದು ರಜೆ ಹಾಕಿ ಹೊರಟಿದ್ದರು. ರಾಶಿಯಿಂದ ತಮ್ಮ ನಮೂನೆಯನ್ನು ಹೊರತೆಗೆಯಲು ಮರೆತಿದ್ದರು. ಡಾಕ್ಟರು ರಾಶಿಗೆ ರುಜು ಹಾಕಿದ್ದರು.

"ಅಂದ್ರೆ," ಎಂದರು ಹೆಂಡತಿ ಬಿಡಿಸಿ ಬಿಡಿಸಿ, "ನೀವಿಲ್ಲದೆ ನಿಮ್ಮ ಎದೆ ನೋಡಿದ್ದಾರೆ, ನಾಲಿಗೆ ನೋಡಿದ್ದಾರೆ. ಇದನ್ನ ಯಾರು ಬರೆದದ್ದು ಅಂತ ಕಾಗದ ಬಂದ ದಿನಾನೇ ಕೇಳಿದೆ. ಯಾರೋ ಗುಮಾಸ್ತ ಅಂದ್ರಿ."

ಇನ್ನು ಮುಚ್ಚಿಡುವಂತಿರಲಿಲ್ಲ. ಹೇಳಿದರು. ಕಾರ್ಬನ್ನು, ರಾಶಿ, ಸಂಜೆಯ ಗಾಡಿ, ಎಲ್ಲವನ್ನೂ ಹೇಳಿದರು.

ಹೆಂಡತಿ ಸಿಟ್ಟಾಗಲಿಲ್ಲ. ಅದು ಇನ್ನೂ ಕಷ್ಟವಾಯಿತು. "ಸರಿ, ಇದನ್ನೇ ಹೋಗಿ ಹೇಳಿ. ರಜದ ಆದೇಶ ಇರುತ್ತಲ್ಲ ನಿಮ್ಮ ಸೇವಾ ಪುಸ್ತಕದಲ್ಲಿ? ಅದನ್ನೂ ಇದನ್ನೂ ಪಕ್ಕಪಕ್ಕ ಇಡಿ. ಮುಗೀತು."

"ಹೇಳೋದಾ? ನಾನೇ ಸುಳ್ಳು ದಾಖಲೆ ಮಾಡಿದೆ ಅಂತ? ಒಂದು ಕಾಗದ ತಪ್ಪಿಲ್ಲ ಅನ್ನಿಸಿಕೊಂಡು ಬಂದೋನು ಕಣೇ ನಾನು! ಆ ಡಾಕ್ಟರು ಎಂಥ ಒಳ್ಳೆ ಮನುಷ್ಯ, ಸತ್ತು ಹತ್ತು ವರ್ಷ ಆಗಿದೆ, ಅವರ ಹೆಸರಿಗೂ ಮಸಿ ಬಳೀಲಾ? ಬೇಡ. ಯಂತ್ರ ಹೋದ್ರೆ ಹೋಗಲಿ. ಅದಿಲ್ಲದೆ ಇಷ್ಟು ವರ್ಷ ಬದುಕಲಿಲ್ವಾ?"

"ನೀವು ಬದುಕಿದ್ರಿ," ಎಂದರು ಹೆಂಡತಿ. "ನನ್ನ ಕೇಳಿ. ಹತ್ತೊಂಬತ್ತು ವರ್ಷ ನಾನು ನಿದ್ದೆ ಅಂತ ಮಾಡಿದ್ದು ಕೋಳಿನಿದ್ದೆ. ನಿಮ್ಮ ಉಸಿರು ನಿಂತ್ರೆ ಪಕ್ಕೆ ತಿವಿಯೋದು, ಬಂತು ಅಂದ್ರೆ ಮಲಗೋದು. ಬೆಳಿಗ್ಗೆ ಎದ್ದು ಸೂಜಿಗೆ ದಾರ ಪೋಣಿಸೋಕೆ ಕಣ್ಣು ಸೇರ್ತಿರಲಿಲ್ಲ. ಆ ಯಂತ್ರ ಬಂದ ಮೇಲೆ ನಾನು ಮಲಗ್ತಿದ್ದೀನಿ ರೀ. ಅದು ಬೇಕಾಗಿರೋದು ನಿಮಗಲ್ಲ, ನನಗೆ. ನಿಮ್ಮ ಹೆಸರು ಉಳಿಸಿಕೊಳ್ಳಿ, ನನ್ನ ನಿದ್ದೆ ವಾಪಸ್ ಕೊಟ್ಟು ಬನ್ನಿ."

ಹೀಗೆ ಹೇಳಿ ಪರದೆಯ ಬಟ್ಟೆಯನ್ನು ಝಾಡಿಸಿ ಮೇಜಿನ ಮೇಲೆ ಹರಡಿ ಕತ್ತರಿ ಹಾಕತೊಡಗಿದರು.

ಮರುದಿನ ಕಚೇರಿಯ ಬಾಗಿಲು ತೆರೆಯುವ ಮೊದಲೇ ಮೂರುಪ್ರತಿಯವರು ಮೆಟ್ಟಿಲ ಮೇಲಿದ್ದರು. ಮೂರನೆಯ ಕಿಟಕಿ ತೆರೆಯಿತು.

"ನನ್ನ ಸೇವಾ ಪುಸ್ತಕದ ಮೂವತ್ತೊಂದನೇ ಪುಟದ ನಕಲು ಬೇಕಮ್ಮ. ಮಾರ್ಚ್ ಹನ್ನೊಂದರಿಂದ ಹತ್ತೊಂಬತ್ತರ ತನಕದ ರಜಾ ಆದೇಶ."

"ಪುಟ ನಿಮಗೆ ಹೇಗೆ ಗೊತ್ತು ಸಾರ್?" ಹುಡುಗಿ ಕನ್ನಡಕ ಸರಿಪಡಿಸಿಕೊಂಡಳು.

"ಅಂಟಿಸಿದೋನು ನಾನೇ."

ಆಕೆ ಒಳಗೆ ಹೋಗಿ ಕಡತ ತಂದಳು. ಮೂವತ್ತೊಂದನೆಯ ಪುಟವನ್ನೂ ಅದರೊಂದಿಗಿದ್ದ ನಮೂನೆಯನ್ನೂ ಎರಡೆರಡು ಸಲ ನೋಡಿದಳು. ಎರಡೂ ಅಷ್ಟು ವರ್ಷ ಒಂದೇ ದಾರದಲ್ಲಿ ಕಟ್ಟಿಸಿಕೊಂಡು ಮಲಗಿದ್ದವು. ಅರ್ಜಿಯನ್ನು ತಿರಸ್ಕರಿಸಿದವರು ನಮೂನೆಯನ್ನು ಓದಿ, ಮುಂದಿನ ಹಾಳೆ ತಿರುವಲು ಬೇಸರಪಟ್ಟಿದ್ದರು. "ಅಯ್ಯೋ ಸಾರ್," ಎಂದಳು ಹುಡುಗಿ. ಆಮೇಲೆ ಸುತ್ತ ನೋಡಿ, ದನಿ ತಗ್ಗಿಸಿ, ನಿಯಮವನ್ನು ಮೀರಿ ಅವರ ಅರ್ಜಿಯನ್ನು ಕೊನೆಯ ಪುಟದವರೆಗೂ ಓದಿದಳು. ಇನ್ನು ಉಳಿದಿದ್ದ ಎರಡು ತಪ್ಪುಗಳನ್ನೂ ಒಟ್ಟಿಗೇ ಹೇಳಿಬಿಟ್ಟಳು.

ವಿಚಾರಣೆಯ ದಿನ ಬಂತು. ಎರಡನೆಯ ಅಂತಸ್ತಿನ ಕೋಣೆ, ಹಸಿರು ಬಟ್ಟೆ ಹೊದಿಸಿದ ಮೇಜು. ಅದರಾಚೆ ಮೂವರು: ನಡುವೆ ವೃತ್ತಿಯಿಂದ ವಕೀಲರಾದ ಅಧ್ಯಕ್ಷರು, ಎಡಕ್ಕೆ ನಿವೃತ್ತ ಸೇನಾಧಿಕಾರಿ, ಬಲಕ್ಕೆ ಬೆಳ್ಳಿಗೂದಲಿನ ಡಾಕ್ಟರಮ್ಮ. ಮೂಲೆಯಲ್ಲಿ ಹೇಳಿದ್ದನ್ನೆಲ್ಲ ಬರೆದುಕೊಳ್ಳುವವನೊಬ್ಬ. ಈಚೆ ಬದಿಯ ಬೆಂಚಿನಲ್ಲಿ ಮೂರುಪ್ರತಿಯವರು, ಹೆಂಡತಿ, ಮತ್ತು ಡಿಪೋದ ಕ್ಯಾಂಟೀನಿಗೆ ಅರ್ಧ ದಿನ ಬೀಗ ಹಾಕಿ ಬಂದ ಅಡುಗೆಯವನು.

ಅಧ್ಯಕ್ಷರು ಎರಡು ಕಾಗದಗಳನ್ನೂ ಅಕ್ಕಪಕ್ಕ ಇಟ್ಟುಕೊಂಡರು. "ಅಂದರೆ ಈ ತಪಾಸಣಾ ನಮೂನೆ ಸುಳ್ಳು ಅಂತೀರಿ."

"ಹೌದು ಸ್ವಾಮಿ."

"ಬರೆದವರು?"

ಮೂರುಪ್ರತಿಯವರು ಬೆಂಚಿನಿಂದ ಎದ್ದು ನಿಂತರು. ಮೂಲೆಯವನ ಪೆನ್ನು ಕಾಯುತ್ತಿತ್ತು. "ನಾನೇ. ನನ್ನದೊಂದೇ ಅಲ್ಲ, ನೂರ ಹದಿನೆಂಟೂ ನಾನೇ ಮೊದಲೇ ಬರೆದಿಟ್ಟಿದ್ದೆ. ಡಾಕ್ಟರು ನಂಬಿ ರುಜು ಹಾಕಿದ್ರು. ತಪ್ಪು ನಂದು, ಅವರದಲ್ಲ."

"ಆವತ್ತು ಸುಳ್ಳು ಬರೆದವರು ಇವತ್ತು ನಿಜ ಹೇಳ್ತಿದ್ದೀರಿ ಅಂತ ನಾವು ಹೇಗೆ ನಂಬೋದು?"

ಇಷ್ಟು ತಿಂಗಳು ಅದುಮಿಟ್ಟದ್ದೆಲ್ಲ ಒಮ್ಮೆಲೇ ಉಕ್ಕಿ ಬಂತು. "ನಂಬಬೇಡಿ ಸ್ವಾಮಿ! ನನ್ನನ್ನ ನಂಬಿ ಅಂತ ಯಾರು ಕೇಳಿದ್ರು? ಆ ರಜಾ ಆದೇಶ ನಂಬಿ, ಅದರ ಮೇಲೆ ದಳಪತಿಗಳ ರುಜು ಇದೆ. ನಾನು ಮುನ್ನೂರು ಮೈಲಿ ಆಚೆ ಮಾವನ ಹೆಣಕ್ಕೆ ಹೆಗಲು ಕೊಟ್ಟಿದ್ದೆ. ಇಲ್ಲಿ ನನ್ನ ಎದೆ ಚೆನ್ನಾಗಿದೆ ಅಂತ ಬರೆದಿದೆ. ಡಾಕ್ಟರ ನಳಿಗೆ ಮುನ್ನೂರು ಮೈಲಿ ಉದ್ದ ಇತ್ತಾ? ನಾನು ಒಂದು ವಿಳಾಸ ಹಿಂಬದೀಲಿ ಬರೀಲಿಲ್ಲ ಅಂತ ನನ್ನನ್ನ ನಾಲ್ಕು ಗಂಟೆ ಬಸ್ಸಿನಲ್ಲಿ ಕೂರಿಸಿದೋರು, ಒಂದೇ ಕಡತದ ಎರಡು ಹಾಳೆ ಓದೋಕೆ ನಿಮಗೆ ಐದು ತಿಂಗಳು ಸಾಲಲಿಲ್ವಾ?"

ಹೆಂಡತಿ ಅವರ ಅಂಗಿಯ ತುದಿ ಹಿಡಿದು ಜಗ್ಗಿದರು. ಸೇನಾಧಿಕಾರಿ ಮೀಸೆಯನ್ನು ಸವರಿಕೊಂಡರು, ಅದರ ಕೆಳಗೆ ನಗು ಇತ್ತೋ ಏನೋ. ಅಧ್ಯಕ್ಷರು ಮಾತ್ರ ನಗಲಿಲ್ಲ. "ಇದರಿಂದ ನಮೂನೆ ಬಿದ್ದುಹೋಗುತ್ತೆ, ಒಪ್ಪಿದೆ. ಆದರೆ ರೋಗ ಆಗಲೇ ಇತ್ತು ಅನ್ನೋದು ಸಾಬೀತಾಗಲ್ಲ."

"ಸಾಕ್ಷಿದಾರರು ದಾರದ ವಿಷಯ ಬರೆದಿದ್ದಾರೆ," ಎಂದರು ಡಾಕ್ಟರಮ್ಮ. ಅಡುಗೆಯವನ ಕಡೆ ತಿರುಗಿ, "ಉಸಿರು ಎಷ್ಟು ಹೊತ್ತು ನಿಲ್ತಿತ್ತು?"

ಅಡುಗೆಯವನು ಎದ್ದು ನಿಂತ. "ನನ್ನ ಹತ್ತಿರ ಗಡಿಯಾರ ಇರಲಿಲ್ಲ ತಾಯಿ. ಮಾಡಿ ತೋರಿಸ್ಲಾ?"

ಅಪ್ಪಣೆಗೂ ಕಾಯಲಿಲ್ಲ. ಕಣ್ಣು ಮುಚ್ಚಿ, ಕತ್ತನ್ನು ಹಿಂದಕ್ಕೆ ಚೆಲ್ಲಿ, ಗೊರಕೆ ಹೊಡೆಯತೊಡಗಿದ. ಏರುದಾರಿ ಹತ್ತುವ ಲಾರಿಯಂತೆ ಅದು ಏರಿತು. ಮೇಜಿನ ಮೇಲಿನ ನೀರಿನ ಲೋಟದ ಮುಚ್ಚಳ ಕಿಣಿಗುಟ್ಟಿತು. ಹೊರಗಿನ ಜವಾನ ಬಾಗಿಲು ತೆರೆದು ಇಣುಕಿದ. ಆಮೇಲೆ ನಡುವಿನಲ್ಲಿಯೇ ಸದ್ದು ಕಡಿದುಹೋಯಿತು.

ಕೋಣೆ ನಿಶ್ಶಬ್ದವಾಯಿತು. ಅಡುಗೆಯವನು ಅಲುಗಲಿಲ್ಲ. ಬಾಯಿ ತೆರೆದೇ ಇತ್ತು, ಎದೆ ಏರುತ್ತಿರಲಿಲ್ಲ. ಅಧ್ಯಕ್ಷರು, "ಸರಿ, ಗೊತ್ತಾಯ್ತು," ಎಂದರು. ಅವನು ಕಣ್ಣು ತೆರೆಯದೆ ಕೈಯೆತ್ತಿ ತಡೆದ: ಇನ್ನೂ ಇಲ್ಲ. ಮೂಲೆಯವನ ಪೆನ್ನು ನಿಂತಿತು. ಕೆಳಗಿನ ಬೀದಿಯಲ್ಲಿ ಒಂದು ಬಸ್ಸು ಬಂದು ನಿಂತು, ಜನರನ್ನು ಇಳಿಸಿ, ಮತ್ತೆ ಹೊರಟಿತು. ಸೇನಾಧಿಕಾರಿ ತಮಗರಿವಿಲ್ಲದೆ ಕುರ್ಚಿಯಿಂದ ಅರ್ಧ ಎದ್ದಿದ್ದರು. ಅಡುಗೆಯವನ ಮುಖ ಕೆಂಪೇರಿತು, ಹಣೆಯ ನರ ಉಬ್ಬಿತು. ಆಗ ಗಂಟಲಿನ ತಳದಿಂದ, ಮುಳುಗಿದವನು ನೀರಿನ ಮೇಲೆ ತಲೆಯೆತ್ತಿದಂತೆ, ಒಂದು ಎಳೆತದ ಸದ್ದು ಬಂತು. ಕೋಣೆಯಲ್ಲಿದ್ದವರೆಲ್ಲರೂ ಅವನ ಜೊತೆಗೇ ಉಸಿರೆಳೆದುಕೊಂಡರು.

"ಇಷ್ಟು," ಎಂದ ಅಡುಗೆಯವನು, ಬೆಂಚಿನ ಮೇಲೆ ಕುಸಿದು ಏದುಸಿರು ಬಿಡುತ್ತ. "ಒಂದೊಂದು ದಿನ ಇನ್ನೂ ಜಾಸ್ತಿ."

ಡಾಕ್ಟರಮ್ಮ ಕೈಗಡಿಯಾರದ ಮೇಲಿಂದ ಕಣ್ಣೆತ್ತಿ ಏನನ್ನೋ ಬರೆದುಕೊಂಡರು.

ಮೂರುಪ್ರತಿಯವರು ಗೋಡೆ ನೋಡುತ್ತ ಕುಳಿತಿದ್ದರು. ತಮ್ಮ ನಿದ್ದೆಯನ್ನು ಅವರು ಅದೇ ಮೊದಲ ಸಲ ನೋಡಿದ್ದು. ಅಷ್ಟು ದೀರ್ಘವಾಗಿರಬಹುದೆಂದು ಯಾವ ಪರೀಕ್ಷೆಯ ವರದಿಯೂ ಅವರಿಗೆ ತಿಳಿಸಿರಲಿಲ್ಲ. ಹೆಂಡತಿಯ ಕಡೆ ತಿರುಗಿದರು. ಆಕೆಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ತೊಡೆಯ ಮೇಲೆ ಮಡಿಸಿಕೊಂಡ ಕೈಯ ತೋರುಬೆರಳು ಮಾತ್ರ, ಪಕ್ಕೆ ತಿವಿಯಲು ಸಿದ್ಧವಾದಂತೆ, ಚಾಚಿಕೊಂಡಿತ್ತು.

ಹೊರಗೆ ಮೆಟ್ಟಿಲಿಳಿಯುವಾಗ ಅವರು ಅಡುಗೆಯವನಿಗೆ ಏನಾದರೂ ಹೇಳಬೇಕೆಂದು ಎರಡು ಸಲ ಬಾಯಿ ತೆರೆದರು. "ಬಿಡೋ, ಬಸ್ಸು ತಪ್ಪುತ್ತೆ ನನಗೆ," ಎಂದು ಅವನು ದಡದಡನೆ ಇಳಿದುಹೋದ.

ಮೂರು ವಾರ ಕಳೆದ ಮೇಲೆ ಅಂಚೆ ಬಂತು. ನಡುಹಗಲು. ಮೂರುಪ್ರತಿಯವರು ಬಾಗಿಲಲ್ಲಿ ನಿಂತೇ ಲಕೋಟೆ ಹರಿದು ಓದಿದರು. ಮೇಲ್ಮನವಿಯನ್ನು ಪುರಸ್ಕರಿಸಲಾಗಿದೆ. ರೋಗವು ಸೇವಾವಧಿಯಲ್ಲಿ ಆರಂಭವಾದದ್ದೆಂದು ಮಂಡಲಿ ಒಪ್ಪಿದೆ. ಯಂತ್ರವು ಅರ್ಜಿದಾರರ ಬಳಿಯೇ ಖಾಯಮ್ಮಾಗಿ ಇರತಕ್ಕದ್ದು. ಅದರ ಕೆಳಗೆ ಇನ್ನೊಂದು ಸಾಲು: ಅರ್ಜಿದಾರರು ತಾವು ಗುಮಾಸ್ತರಾಗಿದ್ದಾಗ ತಪಾಸಣೆಗೆ ಮೊದಲೇ ನಮೂನೆಗಳನ್ನು ಭರ್ತಿ ಮಾಡಿದ ಸಂಗತಿಯನ್ನು ಅವರ ಸೇವಾ ಪುಸ್ತಕದಲ್ಲಿ ನಮೂದಿಸಲಾಗಿದೆ.

ಆ ಸಾಲನ್ನು ಅವರು ಎರಡು ಸಲ ಓದಿದರು. ಮೂರನೆಯ ಸಲ ಓದಲು ಹೋಗಿ, ಬಿಟ್ಟರು.

"ಏನಂತೆ?" ಎಂದರು ಹೆಂಡತಿ ಹೊಲಿಗೆ ಯಂತ್ರದ ಚಕ್ರ ನಿಲ್ಲಿಸದೆ.

"ಉಳೀತು."

ಚಕ್ರ ನಿಂತಿತು. ಆಕೆ ಕಾಗದವನ್ನು ಕೇಳಲಿಲ್ಲ. ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿ, ಸೂಜಿಯನ್ನು ಮೆತ್ತೆಗೆ ಚುಚ್ಚಿ, ಎದ್ದು ಒಳಕೋಣೆಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಇವರು ಇಣುಕಿ ನೋಡಿದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿ ಗಾಢವಾಗಿ ನಿದ್ದೆಹೋಗಿದ್ದರು. ಮದುವೆಯಾದಂದಿನಿಂದ ಹಗಲಿನಲ್ಲಿ ಹಾಗೆ ಮಲಗಿದ್ದನ್ನು ಅವರು ಕಂಡಿರಲಿಲ್ಲ.

ಅಷ್ಟರಲ್ಲಿ ಮುಂಬಾಗಿಲು ದಬದಬ ಬಡಿಯಿತು. ಎದುರುಮನೆಯಾಕೆ.

"ಅಕ್ಕ ಇಲ್ವಾ? ನನ್ನ ಕೋಟು ಇವತ್ತು ಕೊಡ್ತೀನಿ ಅಂದಿದ್ರು. ಸಂಜೆ ಹಾಕ್ಕೊಂಡು ಹೋಗಬೇಕು."

"ಮೆಲ್ಲಗೆ ಮಾತಾಡಮ್ಮ. ಮಲಗಿದ್ದಾಳೆ."

"ಈ ಹೊತ್ತಲ್ಲಾ? ಮೈ ಹುಷಾರಿಲ್ವಾ?"

"ಹುಷಾರಾಗಿದ್ದಾಳೆ."

"ಹಾಗಾದ್ರೆ ಒಂಚೂರು ಎಬ್ಬಿಸಿ ಅಣ್ಣ. ಒಂದು ಗುಂಡಿ ಹಾಕೋದಷ್ಟೇ ಬಾಕಿ ಇರೋದು."

ಮೂರುಪ್ರತಿಯವರು ಒಳಗೆ ಹೋಗಿ ಕೋಟು ಹುಡುಕಿದರು. ಗುಂಡಿಯೂ ಸಿಕ್ಕಿತು. ಎದುರುಮನೆಯಾಕೆ ಹೊಸ್ತಿಲಲ್ಲಿ ನಿಂತು ನಿಟ್ಟುಸಿರುಗಳ ಮೇಲೆ ನಿಟ್ಟುಸಿರು ಬಿಡುತ್ತಿರಲು, ಅವರು ಕನ್ನಡಕ ಏರಿಸಿಕೊಂಡು, ಸೂಜಿಯ ಕಣ್ಣಿಗೆ ದಾರ ಪೋಣಿಸಲು ಕುಳಿತರು. ಆರು ಸಲ ತಪ್ಪಿತು.